ಕ್ರಿಸ್ಟಿನಾ ರೊಸೆಟ್ಟಿಯ ‘ರಿಮೆಂಬರ್’ ಎಂಬ ಸುನೀತ

ಮನುಷ್ಯರು ಒಬ್ಬರನ್ನೊಬ್ಬರು ಅಗಲುವಾಗ ಆಡುವ ಮಾತುಗಳು ಬಹಳವಿಲ್ಲ. ಹೋಗಿ ಬಾ ಎಂಬುದೊಂದು, ದೇವರು ಕಾಪಾಡಲಿ ಎಂಬುದೊಂದು, ನನ್ನನ್ನು ಮರೆಯಬೇಡ ಎಂಬುದು ಮತ್ತೊಂದು. ಮೊದಲಿನ ಎರಡು ಮಾತುಗಳು ಹೋಗುವವರ ಕ್ಷೇಮವನ್ನು ಕುರಿತವು. ಮೂರನೆಯದು ಮಾತ್ರ ಹೇಳುವವರ ಸ್ವಂತ ಬೇಡಿಕೆ. ಪ್ರತಿವರ್ಷವೂ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರು ಶಾಲೆಯನ್ನು ಬಿಡುವ ಕಾಲದಲ್ಲಿ ಅವರ ಕೈಯಿಂದ ಕೈಗೆ ತಿರುಗುವ ಆಟೋಗ್ರಾಫ್ ಪುಸ್ತಕಗಳನ್ನು ತೆರೆದು ನೋಡಿದರೆ, ಬಣ್ಣಬಣ್ಣದ ಹಾಳೆಗಳ ಮೇಲೆ ನೂರು ಬಗೆಯ ಕೈಬರಹಗಳಲ್ಲಿ ಈ ಒಂದೇ ಬೇಡಿಕೆಯು ಕಾಣುತ್ತದೆ. ಈ ಸಂಚಿಕೆಗೂ ಸ್ಮರಣ ಸಂಚಿಕೆಯೆಂದೇ ಹೆಸರು. ಆದಕಾರಣ ನೆನಪು ಮರೆವುಗಳನ್ನು ಕುರಿತು ಸ್ತ್ರೀಯೊಬ್ಬಳು ಬರೆದ ಒಂದು ಚಿಕ್ಕ ಕವಿತೆಯನ್ನು ಇಲ್ಲಿ ವಿವರಿಸುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಆ ಕವಿತೆಯ ಹೆಸರು ‘ರಿಮೆಂಬರ್’. ಕನ್ನಡದಲ್ಲಿ ಹೇಳುವುದಾದರೆ ‘ನೆನೆ’. ಅದನ್ನು ಬರೆದವಳು ಕ್ರಿಸ್ಟಿನಾ ರೊಸೆಟ್ಟಿ. ಕಡುಚಳಿಗಾಲದ ನಡುವೆ ಕ್ರಿಸ್ತಜನನವನ್ನು ವರ್ಣಿಸುವ ಇಂಗ್ಲಿಷ್ ಕ್ರಿಸ್ಮಸ್ ಗೀತೆಯನ್ನು ನಮ್ಮ ವಾಚಕಿಯರಲ್ಲಿ ಅನೇಕರು ಕೇಳಿರಬಹುದು. 1872ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, 1906ರಲ್ಲಿ ಗುಸ್ಟಾವ್ ಹೋಲ್ಸ್ಟ್ ಎಂಬ ಸಂಗೀತಗಾರನಿಂದ ರಾಗವನ್ನು ಪಡೆದ ಆ ಗೀತೆಯೂ ಈಕೆಯದೇ. ಈಕೆಯು 1830ನೆಯ ಇಸವಿ ಡಿಸೆಂಬರ್ 5ರಂದು ಲಂಡನ್ ನಗರದಲ್ಲಿ ಜನಿಸಿದಳು. ತಂದೆಯು ಇಟಲಿಯಿಂದ ದೇಶಭ್ರಷ್ಟನಾಗಿ ಬಂದ ಕವಿ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಇಟಾಲಿಯನ್ ಭಾಷೆಯ ಅಧ್ಯಾಪಕನಾಗಿದ್ದನು. ತಾಯಿಯು ಮದುವೆಗೆ ಮುಂಚೆ ಮನೆಪಾಠ ಹೇಳಿ ಜೀವಿಸಿದವಳು. ಹೆಣ್ಣುಮಕ್ಕಳಿಬ್ಬರಿಗೂ ಆ ತಾಯಿಯೇ ಉಪಾಧ್ಯಾಯಿನಿ. ಕ್ರಿಸ್ಟಿನಾ ಯಾವ ಶಾಲೆಗೂ ಹೋದವಳಲ್ಲ. ತಾಯಿಯ ತಂದೆಯು ತನ್ನ ಸ್ವಂತ ಅಚ್ಚುಕೂಟದಲ್ಲಿ ಮೊಮ್ಮಗಳ ಪದ್ಯಗಳನ್ನು 1847ರಲ್ಲಿ ಮುದ್ರಿಸಿದಾಗ ಅವಳಿಗೆ 16 ವರ್ಷ. ‘ರಿಮೆಂಬರ್’ ರಚಿತವಾದದ್ದು 1849ರ ಜುಲೈ 25ರಂದು, ಅಂದರೆ ಆಕೆಗೆ 19 ತುಂಬುವ ಮೊದಲು. ಅದು ಪುಸ್ತಕದಲ್ಲಿ ಬಂದದ್ದು 1862ರಲ್ಲಿ, ‘ಗಾಬ್ಲಿನ್ ಮಾರ್ಕೆಟ್’ ಮೊದಲಾದ ಕವಿತೆಗಳನ್ನೊಳಗೊಂಡ ಸಂಪುಟದಲ್ಲಿ.

ಕವಿತೆಯ ಅರ್ಥಕ್ಕೆ ಹೋಗುವ ಮೊದಲು ಅದರ ಕಟ್ಟಡವನ್ನು ತಿಳಿಯಬೇಕು. ಇದು ಸಾನೆಟ್ ಎಂಬ ಪದ್ಯಜಾತಿಗೆ ಸೇರಿದ್ದು. ಕನ್ನಡದಲ್ಲಿ ಇದಕ್ಕೆ ಸುನೀತವೆಂದೂ, ಎಂಟು ಮತ್ತು ಆರು ಪಾದಗಳ ವಿಭಾಗವಿರುವುದರಿಂದ ಅಷ್ಟಷಟ್ಪದಿಯೆಂದೂ ಹೆಸರಿಟ್ಟಿದ್ದಾರೆ. ಕುವೆಂಪು ಅವರ ‘ಕೃತ್ತಿಕೆ’ (1946) ಎಂಬ ಸಂಕಲನವು ಇಂಥ ಸುನೀತಗಳಿಂದಲೇ ಆದುದು. 13ನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಅರಸನ ಆಸ್ಥಾನದಲ್ಲಿ ಹುಟ್ಟಿ, ಇಟಲಿಯ ಪೆಟ್ರಾರ್ಕ್ ಕವಿಯ ಕೈಯಲ್ಲಿ ಬೆಳೆದು, 16ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದ ಈ ರೂಪಕ್ಕೆ ಹದಿನಾಲ್ಕು ಸಾಲುಗಳ ಮಿತಿಯಿದೆ. ಇಂಗ್ಲಿಷಿನಲ್ಲಿ ಪ್ರತಿಯೊಂದು ಸಾಲಿಗೂ ಸಾಧಾರಣವಾಗಿ ಹತ್ತು ಉಚ್ಚಾರಾಂಶಗಳು; ಒತ್ತಿಲ್ಲದ ಒಂದು, ಒತ್ತುಳ್ಳ ಒಂದು, ಹೀಗೆ ಐದು ಜೋಡಿ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿ ನಿಲ್ಲುವುದಷ್ಟೆ. ಸುನೀತದಲ್ಲಿ ಅದು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಮೊದಲಿನ ಎಂಟು ಸಾಲುಗಳಿಗೆಲ್ಲ ಸೇರಿ ಎರಡೇ ಪ್ರಾಸಗಳು: 1, 4, 5, 8ನೆಯ ಸಾಲುಗಳಿಗೆ ಒಂದು, 2, 3, 6, 7ನೆಯವುಗಳಿಗೆ ಇನ್ನೊಂದು. ಒಂಬತ್ತನೆಯ ಸಾಲಿನಲ್ಲಿ ಪ್ರಾಸವೂ ಬದಲಾಗಿ, ಅದರೊಡನೆ ಯೋಚನೆಯೂ ಹೊರಳುತ್ತದೆ. ಈ ಹೊರಳುವಿಕೆಯೇ ಸುನೀತದ ಜೀವ. ಒಂದು ಮಾತನ್ನು ಹೇಳಿ, ಅದನ್ನೇ ಮತ್ತೊಂದು ದೃಷ್ಟಿಯಿಂದ ನೋಡುವ ಅವಕಾಶ ಇಲ್ಲಿದೆ.

ಈ ಕವಿತೆಯಲ್ಲಿ ಮಾತನಾಡುವವಳು ಮರಣವು ಬರಲಿದೆಯೆಂದು ಎಣಿಸಿರುವ ಒಬ್ಬ ಸ್ತ್ರೀ. ಕೇಳುವವನು ಅವಳ ಪ್ರಿಯನು. ಮೊದಲಿನ ಎಂಟು ಸಾಲುಗಳ ತಾತ್ಪರ್ಯವು ಹೀಗಿದೆ: ಅವಳು ಮಾತಿಲ್ಲದ ಒಂದು ದೂರದ ನಾಡಿಗೆ ಹೊರಟುಹೋಗುವಳು, ಆಮೇಲೆ ಅವನು ಅವಳ ಕೈಯನ್ನು ಹಿಡಿಯಲಾರನು, ದಿನದಿನವೂ ಬಂದು ಮುಂದಿನ ಬಾಳಿನ ವಿಷಯವಾಗಿ ತಾನು ಹಾಕಿಕೊಂಡ ಏರ್ಪಾಡುಗಳನ್ನು ಅವಳಿಗೆ ಹೇಳಲಾರನು, ಆಗ ಬುದ್ಧಿ ಹೇಳುವುದಕ್ಕೂ ಪ್ರಾರ್ಥಿಸುವುದಕ್ಕೂ ಹೊತ್ತು ಮೀರಿರುವುದು, ಉಳಿಯುವುದು ನೆನಪೊಂದೇ, ಅದನ್ನಾದರೂ ಮಾಡಬೇಕು. ಇಲ್ಲಿ ಒಂದು ಸಣ್ಣ ಸಂಗತಿಯನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು. ಮನೆಗೆ ಹೊರಟವಳು ಅರ್ಧ ತಿರುಗಿ, ಹೋಗಲಾರದೆ ನಿಂತುಬಿಡುವ ಒಂದು ಭಂಗಿಯನ್ನು ಕವಯಿತ್ರಿಯು ನಾಲ್ಕನೆಯ ಸಾಲಿನಲ್ಲಿ ತಂದಿದ್ದಾಳೆ. ಹೊಸ್ತಿಲಲ್ಲಿ ನಿಂತು ‘ಬರುತ್ತೇನೆ’ ಎಂದು ಮೂರು ಸಲ ಹೇಳಿಯೂ ಹೋಗದವರನ್ನು ಕಾಣದವರಾರು? ಮರಣವು ತೆಗೆದುಕೊಂಡುಹೋಗುವುದು ಏನನ್ನು ಎಂದರೆ ಇಂಥ ಅರ್ಧ ತಿರುಗುವಿಕೆಯನ್ನು. ದೊಡ್ಡ ಮಾತುಗಳಿಲ್ಲದೆ ಅಗಲಿಕೆಯ ದುಃಖವು ನಮ್ಮ ಮುಂದೆ ಬಂದು ನಿಲ್ಲುತ್ತದೆ.

ದೊಡ್ಡ ಮಾತುಗಳು ಈ ಕವಿತೆಯಲ್ಲಿ ಇಲ್ಲವೆಂಬುದು ಬರಿಯ ಹೊಗಳಿಕೆಯಲ್ಲ. ಹದಿನಾಲ್ಕು ಸಾಲುಗಳಲ್ಲಿ ಎಲ್ಲಿ ಹುಡುಕಿದರೂ ‘ಪ್ರೇಮ’ ಎಂಬ ಪದವಿಲ್ಲ, ‘ಮರಣ’ ಎಂಬ ಪದವಿಲ್ಲ, ‘ಒಂಟಿತನ’ ಎಂಬ ಪದವೂ ಇಲ್ಲ. ಕವಿತೆಯು ಈ ಮೂರನ್ನೇ ಕುರಿತದ್ದು; ಆದರೂ ಮೂರರ ಹೆಸರನ್ನೂ ಎತ್ತುವುದಿಲ್ಲ. ಕೈ, ದಿನ, ಮಾತು, ನಗೆ ಎಂಬ ಮನೆಬಳಕೆಯ ಪದಗಳಿಂದಲೇ ಅವು ನಮಗೆ ತಿಳಿಯುತ್ತವೆ. ತಾನು ಪ್ರೀತಿಸುತ್ತೇನೆಂದು ಪದೇ ಪದೇ ಹೇಳುವವರ ಬರಹವನ್ನೇ ಪ್ರೇಮಕವಿತೆಯೆಂದು ತಿಳಿಯುವ ಮಕ್ಕಳಿಗೆ ಇದು ಒಳ್ಳೆಯ ಪಾಠ.

ಇನ್ನೊಂದು ಸೂಕ್ಷ್ಮವಿದೆ. ಭವಿಷ್ಯವು ಇಬ್ಬರದೂ ಎಂದು ಅವಳು ಹೇಳುತ್ತಾಳೆ. ಆದರೆ ಅದನ್ನು ಏರ್ಪಡಿಸಿದವನು ಅವನು. ಹೇಳುವವನು ಅವನು, ಕೇಳುವವಳು ಅವಳು. ಅವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಅವನು ಕೇಳಿದಂತೆ ಕವಿತೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕೊನೆಯ ಭಾಗದಲ್ಲಿ ಮಾತ್ರ, ತನಗೆ ಒಂದು ಕಾಲದಲ್ಲಿ ಇದ್ದ ಆಲೋಚನೆಗಳು ಎಂದು ಅವಳು ಒಮ್ಮೆ ಸೂಚಿಸಿ, ಅವು ಯಾವುವೆಂದು ಹೇಳದೆ ಬಿಡುತ್ತಾಳೆ. ಕೈಯನ್ನು ಹಿಡಿದವನಿಗೂ ತಿಳಿಯದ ಒಂದು ಒಳಕೋಣೆಯು ಅವಳಲ್ಲಿತ್ತು. ಈ ಕವಿತೆಯ ಒಂಟಿತನವು ಸಾವಿನ ತರುವಾಯ ಬರುವುದಷ್ಟೇ ಅಲ್ಲ. ಇಬ್ಬರೂ ಜೊತೆಯಲ್ಲಿ ಕುಳಿತಿದ್ದಾಗಲೇ ಅದರ ಒಂದಂಶವು ಅಲ್ಲಿದ್ದಿತು. ಹೆಣ್ಣುಮಕ್ಕಳ ಭವಿಷ್ಯವನ್ನು ಅವರನ್ನು ಕೇಳದೆಯೇ ಏರ್ಪಡಿಸುವ ಮನೆಗಳು ಆ ಕಾಲದ ಲಂಡನ್ನಿನಲ್ಲಿ ಮಾತ್ರ ಇದ್ದುವೆಂದು ನಾವು ಹೇಳಲಾರೆವು.

ಒಂಬತ್ತನೆಯ ಸಾಲು ‘ಆದರೂ’ ಎಂಬ ಅರ್ಥದ ಪದದಿಂದ ಆರಂಭವಾಗುತ್ತದೆ. ಅಲ್ಲಿಂದ ಅವಳ ಮಾತಿನ ದಿಕ್ಕೇ ಬೇರೆ. ಅವನು ಕೆಲವು ಕಾಲ ತನ್ನನ್ನು ಮರೆತು, ತರುವಾಯ ಫಕ್ಕನೆ ನೆನಪು ಬಂದರೆ, ಅದಕ್ಕಾಗಿ ಸಂಕಟಪಡಬಾರದು. ಮಣ್ಣಿನ ಕತ್ತಲೆಯಲ್ಲಿ ತನ್ನ ಹಿಂದಿನ ಆಲೋಚನೆಗಳ ಗುರುತೇನಾದರೂ ಉಳಿದಿದ್ದರೆ, ಆ ಆಲೋಚನೆಯು ಬಯಸುವುದು ಅವನ ಸುಖವನ್ನು. ನೆನೆದು ಕೊರಗುವುದಕ್ಕಿಂತ ಮರೆತು ಮುಗುಳ್ನಗುವುದೇ ಎಷ್ಟೋ ಮೇಲು. ಇಷ್ಟು ಹೇಳಿ ಕವಿತೆಯು ಮುಗಿಯುತ್ತದೆ.

ಈ ತಿರುವು ಎಷ್ಟು ಎಚ್ಚರಿಕೆಯಿಂದ ಆಗಿದೆಯೆಂಬುದನ್ನು ಪದಗಳನ್ನು ಎಣಿಸಿಯೇ ತೋರಿಸಬಹುದು. ನೆನೆ ಎಂಬ ಕ್ರಿಯಾಪದವು ಕವಿತೆಯಲ್ಲಿ ಐದು ಸಲ ಬರುತ್ತದೆ. ಮೊದಲಿನ ಎಂಟು ಸಾಲುಗಳಲ್ಲಿ ಮೂರು, ಕೊನೆಯ ಆರರಲ್ಲಿ ಎರಡು. ಮೊದಲಿನ ಮೂರೂ ಆಜ್ಞಾರ್ಥಕ, ಮೂರಕ್ಕೂ ‘ನನ್ನನ್ನು’ ಎಂಬ ಕರ್ಮಪದವು ಅಂಟಿಕೊಂಡಿದೆ. ಕೊನೆಯ ಎರಡರಲ್ಲಿ ಆಜ್ಞೆಯೂ ಇಲ್ಲ, ‘ನನ್ನನ್ನು’ ಎಂಬುದೂ ಇಲ್ಲ. ಮರೆಯುವುದೆಂಬ ಕ್ರಿಯಾಪದವು ಎರಡೇ ಸಲ ಬರುತ್ತದೆ, ಎರಡೂ ಕೊನೆಯ ಭಾಗದಲ್ಲಿ. ಅವುಗಳಲ್ಲಿ ಮೊದಲನೆಯದಕ್ಕೆ ‘ನನ್ನನ್ನು’ ಎಂಬುದಿದೆ, ಎರಡನೆಯದಕ್ಕೆ ಇಲ್ಲ. ಕೊನೆಯ ಆರು ಸಾಲುಗಳಲ್ಲಿ ಅವಳು ಮಾಡುವ ಆಜ್ಞೆಯು ಒಂದೇ ಒಂದು. ಅದು, ದುಃಖಿಸಬೇಡ ಎಂಬುದು. ‘ನನ್ನನ್ನು, ನನ್ನನ್ನು’ ಎಂದು ಬೇಡುತ್ತ ಹೊರಟ ಮಾತಿನಿಂದ ‘ನಾನು’ ಎಂಬುದು ಮೆಲ್ಲಮೆಲ್ಲನೆ ಕರಗಿ, ಕಡೆಯಲ್ಲಿ ಅವನೂ ಅವನ ನಗೆಯೂ ಉಳಿಯುತ್ತವೆ. ವ್ಯಾಕರಣಪಾಠವು ಬೇಸರದ್ದೆನ್ನುವ ಮಕ್ಕಳು ಇದನ್ನು ನೋಡಬೇಕು. ಒಂದು ಕರ್ಮಪದವನ್ನು ಬಿಟ್ಟುಬಿಡುವುದರಲ್ಲಿ ಇಲ್ಲಿ ಒಬ್ಬಳ ಹೃದಯವು ವಿಶಾಲವಾಗಿದೆ.

ನಮ್ಮ ಭಾಷೆಯು ಈ ಎರಡು ಪದಗಳಿಗೆ ಕೊಟ್ಟಿರುವ ಇನ್ನೊಂದು ಅರ್ಥವನ್ನೂ ಇಲ್ಲಿ ಸ್ಮರಿಸಬಹುದು. ನೆನೆಯುವುದೆಂದರೆ ಜ್ಞಾಪಿಸಿಕೊಳ್ಳುವುದೂ ಹೌದು, ತೋಯುವುದೂ ಹೌದು. ಮರೆಯೆಂದರೆ ಮರೆವೂ ಹೌದು, ಆಸರೆಯೂ ಹೌದು. ಅತಿಯಾಗಿ ನೆನೆದವರು ತೊಯ್ದು ಹೋಗುತ್ತಾರೆ. ಅಂಥವರಿಗೆ ಸ್ವಲ್ಪ ಮರೆ ಬೇಕು. ಇಂಗ್ಲಿಷಿನಲ್ಲಿ ಇಲ್ಲದ ಈ ಎರಡರ್ಥಗಳು ಕ್ರಿಸ್ಟಿನಾಳ ಅಭಿಪ್ರಾಯಕ್ಕೆ ಹತ್ತಿರವಾಗಿಯೇ ಇವೆ.

ಕೊನೆಯ ಭಾಗದ ಉದಾರತೆಯನ್ನು ಸಂದೇಹಿಸುವ ಓದುಗರೂ ಉಂಟು. ‘ಬೇಕಾದರೆ ಮರೆ’ ಎಂದು ಹೇಳುವುದು ಮರೆಯದಂತೆ ಮಾಡುವ ಉಪಾಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅವನ ಏರ್ಪಾಡುಗಳಿಂದ ಬಿಡುಗಡೆ ಹೊಂದುವ ಸಮಾಧಾನವು ಅವಳ ದನಿಯಲ್ಲಿದೆಯೆಂದು ಮತ್ತೆ ಕೆಲವರು ಹೇಳುತ್ತಾರೆ. ಈ ಮಾತುಗಳನ್ನು ನಾವು ತಳ್ಳಿಹಾಕುವುದಿಲ್ಲ. ಮನುಷ್ಯಹೃದಯವು ಒಂದೇ ಬಣ್ಣದ ನೂಲಿನಿಂದ ನೆಯ್ದದ್ದಲ್ಲ. ಆದರೆ ಕವಿತೆಯ ಕ್ರಮವನ್ನು ನೋಡಬೇಕು. ಮೊದಲು ಬೇಡಿಕೆ, ತರುವಾಯ ಅನುಮತಿ. ಬೇಡಿಕೆಯಿಲ್ಲದೆ ಬರಿಯ ಅನುಮತಿಯನ್ನೇ ಕೊಟ್ಟಿದ್ದರೆ ಅದು ಉದಾಸೀನವೆನಿಸುತ್ತಿತ್ತು. ಬೇಡಿಕೆಯಲ್ಲಿಯೇ ನಿಂತಿದ್ದರೆ ಅದು ಹೊರೆಯಾಗುತ್ತಿತ್ತು. ತನಗೆ ಬೇಕಾದುದನ್ನು ನಾಚದೆ ಕೇಳಿ, ಆಮೇಲೆ ಅದನ್ನು ಬಿಟ್ಟುಕೊಡುವವಳ ಪ್ರೀತಿಯಲ್ಲಿ ನಾವು ನಂಬಿಕೆಯಿಡಬಹುದು.

ಕ್ರೈಸ್ತ ಶಾಲೆಯ ಸಂಚಿಕೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ದೃಢವಾದ ಆಂಗ್ಲಿಕನ್ ಭಕ್ತಿಯಲ್ಲಿ ಬೆಳೆದ ಈಕೆಯು ಪರಲೋಕದ ನಿರೀಕ್ಷೆಯನ್ನಾಗಲಿ ಪುನರ್ಮಿಲನವನ್ನಾಗಲಿ ಇಲ್ಲಿ ಏಕೆ ಹೇಳಲಿಲ್ಲ? ಮೃತರು ಕಡೆಯ ದಿನದ ಪುನರುತ್ಥಾನದವರೆಗೂ ನಿದ್ರೆಯಲ್ಲಿರುತ್ತಾರೆಂಬ ಭಾವನೆಯು ಆಕೆಯ ಬೇರೆ ಕವಿತೆಗಳಲ್ಲಿಯೂ ಕಾಣುವುದರಿಂದ, ಈ ಮೌನದ ನಾಡು ಆ ನಿದ್ರೆಯೇ ಎಂದು ಕೆಲವು ವಿಮರ್ಶಕರು ವಿವರಿಸಿದ್ದಾರೆ. ಕವಿತೆಯು ಹೇಳದಿರುವ ಸಾಂತ್ವನವನ್ನು ಅದರ ಬಾಯಿಗೆ ತುರುಕುವುದು ನ್ಯಾಯವಲ್ಲ. ಆದರೆ ಓದುವವರಾದ ನಾವು ಒಂದು ಮಾತನ್ನು ಸೇರಿಸಿಕೊಳ್ಳಬಹುದು. ಶಿಲುಬೆಯ ಮೇಲೆ ತೂಗುತ್ತಿದ್ದ ಅಪರಾಧಿಯು ಕರ್ತನನ್ನು ಬೇಡಿಕೊಂಡದ್ದು ನೆನಪನ್ನೇ. ಹೆತ್ತ ತಾಯಿಯು ಮರೆತರೂ ದೇವರು ಮರೆಯನೆಂಬ ವಾಗ್ದಾನವು ಯೆಶಾಯನ ಗ್ರಂಥದಲ್ಲಿದೆ. ಮರೆಯದವನೊಬ್ಬನಿದ್ದಾನೆಂದು ನಂಬಿದವರು ಮನುಷ್ಯರ ಮರೆವನ್ನು ಕ್ಷಮಿಸಬಲ್ಲರು. ನೆನಪಿನ ಇಡೀ ಭಾರವನ್ನು ಒಬ್ಬ ಯುವಕನ ತಲೆಯ ಮೇಲೆ ಹೊರಿಸುವ ಅಗತ್ಯವು ಅವರಿಗಿಲ್ಲ.

ಕವಿತೆಯನ್ನು ಕವಯಿತ್ರಿಯ ಜೀವನಚರಿತ್ರೆಯೆಂದು ಓದುವವರಿಗೆ ಇಲ್ಲಿ ಎಚ್ಚರಿಕೆ ಬೇಕು. 1848ರಲ್ಲಿ ಆಕೆಗೆ ಜೇಮ್ಸ್ ಕಾಲಿನ್ಸನ್ ಎಂಬ ಚಿತ್ರಕಾರನೊಡನೆ ವಿವಾಹನಿಶ್ಚಯವಾಗಿದ್ದಿತು. ಅವನು ರೋಮನ್ ಕ್ಯಾಥೊಲಿಕ್ ಸಭೆಗೆ ಮರಳಿದ ಕಾರಣ 1850ರಲ್ಲಿ ಆಕೆಯು ಆ ಸಂಬಂಧವನ್ನು ಮುರಿದಳು. ಕವಿತೆಯು ಇವೆರಡರ ನಡುವಣ 1849ರದು. ಆದುದರಿಂದ ಇದು ಮುರಿದ ಪ್ರೇಮದ ಶೋಕಗೀತೆಯಲ್ಲ. ವಿವಾಹವು ನಿಶ್ಚಯವಾಗಿದ್ದ ಹುಡುಗಿಯೊಬ್ಬಳು ಕಲ್ಪನೆಯಲ್ಲಿ ಸಾವಿನ ಅಂಚಿನಲ್ಲಿ ನಿಂತು ಬರೆದದ್ದು. ಮುಂದೆ 1866ರಲ್ಲಿ ಚಾರ್ಲ್ಸ್ ಕೇಲೀ ಎಂಬ ವಿದ್ವಾಂಸನು ಆಕೆಯನ್ನು ವರಿಸಬಯಸಿದನು. ವಿಶ್ವಾಸದ ವಿಷಯದಲ್ಲಿ ಒಮ್ಮತವಿಲ್ಲದೆ ಆಕೆಯು ಒಪ್ಪಲಿಲ್ಲ. ಆದರೂ ಅವರ ಸ್ನೇಹವು ಅವನ ಮರಣದವರೆಗೂ ನಡೆಯಿತು.

ತಾನೇ ಮೊದಲು ಹೋಗುವೆನೆಂದು 18ನೆಯ ವಯಸ್ಸಿನಲ್ಲಿ ಕಲ್ಪಿಸಿಕೊಂಡವಳು ಆಮೇಲೆ 45 ವರ್ಷ ಬದುಕಿದಳು. ತಂದೆಯು 1854ರಲ್ಲಿ, ಅಕ್ಕ ಮರಿಯಾ 1876ರಲ್ಲಿ, ಅಣ್ಣ ದಾಂತೆ ಗೇಬ್ರಿಯಲ್ 1882ರಲ್ಲಿ, ಸ್ನೇಹಿತ ಕೇಲೀ 1883ರಲ್ಲಿ, ಜೀವದ ಜೀವವಾಗಿದ್ದ ತಾಯಿಯು 1886ರಲ್ಲಿ, ಹೀಗೆ ಒಬ್ಬೊಬ್ಬರಾಗಿ ಆ ಮೌನದ ನಾಡಿಗೆ ಹೋದರು. ನೆನೆಯೆಂದು ಕೇಳಿದವಳೇ ನೆನೆಯುವವಳಾಗಿ ಉಳಿದಳು. 1871ರ ಸುಮಾರಿಗೆ ಬಂದ ಕುತ್ತಿಗೆಯ ಗ್ರಂಥಿಯ ರೋಗವು ಆಕೆಯ ಮುಖದ ಕಾಂತಿಯನ್ನು ಕೆಡಿಸಿತು. 1892ರಲ್ಲಿ ಅರ್ಬುದರೋಗಕ್ಕಾಗಿ ಶಸ್ತ್ರಚಿಕಿತ್ಸೆಯಾಯಿತು. 1894ರ ಡಿಸೆಂಬರ್ 29ರಂದು ಲಂಡನ್ನಿನಲ್ಲಿಯೇ ಆಕೆಯು ತೀರಿಕೊಂಡಳು. ಈ ಬಾಳು ಒಂಟಿಬಾಳು ಹೌದು; ಬರಿದಾದ ಬಾಳಲ್ಲ. 1859ರಿಂದ ಸುಮಾರು ಹತ್ತು ವರ್ಷ ಹೈಗೇಟಿನಲ್ಲಿದ್ದ ಆಶ್ರಯಗೃಹದಲ್ಲಿ, ಸಮಾಜವು ಹೊರದೂಡಿದ ಹೆಣ್ಣುಮಕ್ಕಳ ನಡುವೆ ಆಕೆಯು ಸೇವೆ ಮಾಡಿದಳು. ಮಕ್ಕಳಿಗಾಗಿ ಶಿಶುಗೀತೆಗಳ ಪುಸ್ತಕವನ್ನು 1872ರಲ್ಲಿ ಪ್ರಕಟಿಸಿದಳು. ಮುದಿಯಾದ ತಾಯಿಯ ಆರೈಕೆಯನ್ನು ಕಡೆಯವರೆಗೂ ಬಿಡಲಿಲ್ಲ.

1881ರಲ್ಲಿ ಆಕೆಯು ‘ಮೊನ್ನಾ ಇನ್ನಾಮಿನಾಟಾ’ ಎಂಬ ಹದಿನಾಲ್ಕು ಸುನೀತಗಳ ಮಾಲೆಯನ್ನು ಪ್ರಕಟಿಸಿದಳು. ಹೆಸರಿಲ್ಲದ ಹೆಂಗಸು ಎಂದು ಅದರರ್ಥ. ದಾಂತೆಯು ಬಿಯಾಟ್ರಿಸಳನ್ನೂ ಪೆಟ್ರಾರ್ಕನು ಲಾರಾಳನ್ನೂ ಕೊಂಡಾಡಿದರಷ್ಟೆ. ಅಂಥ ಸ್ತ್ರೀಯೇ ಬಾಯ್ದೆರೆದು ಮಾತನಾಡಿದ್ದರೆ ನಮಗೆ ಬೇರೆ ಚಿತ್ರವು ದೊರೆಯುತ್ತಿತ್ತು ಎಂಬ ಅಭಿಪ್ರಾಯವನ್ನು ಅದರ ಮುನ್ನುಡಿಯಲ್ಲಿ ಸೂಚಿಸಿದ್ದಾಳೆ. ಮುನ್ನುಡಿಯು 1881ರದು, ಆದರೆ ಆ ಕೆಲಸವನ್ನು ಆಕೆಯು 1849ರಲ್ಲಿಯೇ ಮಾಡಿದ್ದಳು. ಶತಮಾನಗಳ ಕಾಲ ಸುನೀತದಲ್ಲಿ ಪುರುಷನು ಅಳುತ್ತಿದ್ದನು, ಸತ್ತ ಸುಂದರಿಯು ಸುಮ್ಮನಿದ್ದಳು. ‘ರಿಮೆಂಬರ್’ನಲ್ಲಿ ಆ ಸುಂದರಿಯೇ ಮಾತನಾಡುತ್ತಾಳೆ, ಸುಮ್ಮನೆ ಕೇಳುವ ಸರದಿಯು ಅವನದು.

ಈ ಕವಿತೆಯು ನಮ್ಮ ಮಕ್ಕಳಿಗೆ ಬೇಕೆಂದು ನಾವು ಎಣಿಸುವುದಕ್ಕೆ ಸಾಹಿತ್ಯವಲ್ಲದ ಕಾರಣವೂ ಉಂಟು. ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಬಾಲಕಿಯು ವಿದ್ಯಾರ್ಥಿನಿಲಯಕ್ಕೆ ಮರಳಿ ಬಂದು, ಕೆಲವು ವಾರಗಳ ಮೇಲೆ ಒಂದು ಸಂಜೆ ಆಟದ ಬಯಲಿನಲ್ಲಿ ಗಟ್ಟಿಯಾಗಿ ನಗುತ್ತಾಳೆ. ಅದೇ ರಾತ್ರಿ, ಅಮ್ಮನನ್ನು ಇಷ್ಟು ಬೇಗ ಮರೆತೆನಲ್ಲಾ ಎಂದು ಹೊದಿಕೆಯೊಳಗೆ ಮುಖವನ್ನು ಮುಚ್ಚಿಕೊಂಡು ಅಳುತ್ತಾಳೆ. ಇಂಥ ಮಕ್ಕಳನ್ನು ನಾವು ಒಬ್ಬಿಬ್ಬರನ್ನಲ್ಲ ಕಂಡಿರುವುದು. ಊರಿಗೆ ಹೋದರೆ, ತಾಯಿ ಸತ್ತು ವರ್ಷ ತುಂಬಲಿಲ್ಲ, ಇವಳು ನಗುವುದನ್ನು ನೋಡಿ ಎನ್ನುವ ಬಂಧುಗಳೂ ಇದ್ದಾರೆ. ನಗಬಹುದಮ್ಮಾ ಎಂದು ನಾವು ಹೇಳಿದರೆ ಮಗುವು ತಲೆಯಾಡಿಸುತ್ತದೆ, ನಂಬುವುದಿಲ್ಲ. ಏಕೆಂದರೆ ಆ ಅನುಮತಿಯು ನಮ್ಮದಲ್ಲ. ಅದನ್ನು ಕೊಡಬೇಕಾದವರು ಹೋದವರು. ಅವರು ಹೋದಮೇಲೆ ಕೊಡಲಾರರು. ಈ ಕವಿತೆಯ ಉಪಕಾರವಿರುವುದು ಇಲ್ಲಿಯೇ. ಹೋಗುವವಳೇ, ಹೋಗುವ ಮುನ್ನವೇ, ತನ್ನ ಬಾಯಿಂದಲೇ ಆ ಅನುಮತಿಯನ್ನು ಕೊಡುತ್ತಾಳೆ. ದುಃಖದಲ್ಲಿರುವ ಮಗುವು ಇದನ್ನು ಓದಿದಾಗ, ತನ್ನ ತಾಯಿಗೆ ಕೊನೆಯಲ್ಲಿ ಮಾತನಾಡುವ ಶಕ್ತಿಯಿದ್ದಿದ್ದರೆ ಏನು ಹೇಳುತ್ತಿದ್ದಳೆಂಬುದನ್ನು ಊಹಿಸಿಕೊಳ್ಳಬಲ್ಲುದು. ನಗೆಯು ದ್ರೋಹವಲ್ಲ. ಮರೆವು ಸ್ವಲ್ಪ ಹೊತ್ತು ಬಂದು ಹೋಗುವ ನಿದ್ರೆಯಂತಹುದು. ನೆನಪು ಅದರಿಂದ ಬಲ ಪಡೆದು ಮತ್ತೆ ಏಳುತ್ತದೆ.

ಪ್ರಿಯ ವಿದ್ಯಾರ್ಥಿನಿಯರೇ, ಈ ಕವಿತೆಯನ್ನು ಇಂಗ್ಲಿಷಿನಲ್ಲಿಯೇ, ಒಮ್ಮೆಯಲ್ಲ ಮೂರು ಸಲ, ಗಟ್ಟಿಯಾಗಿ ಓದಿರಿ. ಕಠಿನವಾದ ಪದಗಳು ಅದರಲ್ಲಿ ಎರಡು ಮೂರಕ್ಕಿಂತ ಹೆಚ್ಚಿಲ್ಲ. ಎಂಟನೆಯ ಸಾಲಿನ ತರುವಾಯ ಸ್ವಲ್ಪ ನಿಂತು ಉಸಿರನ್ನು ತೆಗೆದುಕೊಳ್ಳಿರಿ. ಅವಳೂ ಅಲ್ಲಿಯೇ ನಿಂತು ಯೋಚಿಸಿದ್ದಾಳೆ. ಈ ವರ್ಷ ಶಾಲೆಯನ್ನು ಬಿಟ್ಟು ಹೋಗುವವರಿಗೆ ನಮ್ಮ ಮಾತು ಇಷ್ಟೇ: ನಮ್ಮನ್ನು ನೆನೆಯಿರಿ ಎಂದು ನಾವೂ ಕೇಳಿಕೊಳ್ಳುತ್ತೇವೆ. ಹೊಸ ಕಾಲೇಜು, ಹೊಸ ಕೆಲಸ, ಹೊಸ ಮನೆಗಳ ಗಡಿಬಿಡಿಯಲ್ಲಿ ನೀವು ಮರೆತು, ಎಂದೋ ಒಂದು ದಿನ ಗಂಟೆಯ ಶಬ್ದವನ್ನು ಕೇಳಿ ಶಾಲೆಯ ನೆನಪು ಬಂದರೆ, ಇಷ್ಟು ದಿನ ಕಾಗದ ಬರೆಯಲಿಲ್ಲವಲ್ಲಾ ಎಂದು ನಾಚಬೇಡಿರಿ. ಸುಖವಾಗಿದ್ದಿರೆಂದು ತಿಳಿದು ನಾವು ಸಂತೋಷಪಡುವೆವು. ಕಾಗದವನ್ನು ಅಂದೇ ಬರೆಯಿರಿ.